ನಾಲ್ಕು ತಂತಿವಾದ್ಯದಲ್ಲಿ ರಾಕ್: ಸ್ವರ ಎಲ್ಲಾ ಸರಿ ಇದೆ, ಆದರೂ ಯಾಕೆ ಜೋಗುಳದ ಹಾಗೆ ಕೇಳುತ್ತದೆ?

ಎರಡನೇ ವಯೊಲಿನ್
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಾವು ನಾಲ್ಕು ಜನ, ಎಲ್ಲರೂ ಹವ್ಯಾಸಿಗಳು. ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೋ. ಮೂರು ವರ್ಷದಿಂದ ಪ್ರತಿ ಭಾನುವಾರ ಸೇರಿ ನುಡಿಸುತ್ತೇವೆ. ಇಷ್ಟು ದಿನ ಹೈಡನ್, ಮೊಜಾರ್ಟ್ ಅಂತ ಇದ್ದೆವು. ಎರಡು ತಿಂಗಳ ಹಿಂದೆ ನಮ್ಮ ಚೆಲ್ಲೋದವರು ಡೀಪ್ ಪರ್ಪಲ್‌ನ 'ಸ್ಮೋಕ್ ಆನ್ ದ ವಾಟರ್' ಹಾಡಿನ ಕ್ವಾರ್ಟೆಟ್ ಅರೇಂಜ್‌ಮೆಂಟ್ (ನಮ್ಮಂಥ ನಾಲ್ಕು ವಾದ್ಯಕ್ಕೆ ಹೊಂದಿಸಿ ಬರೆದದ್ದು) ತಂದರು. ನಾಲ್ವರಿಗೂ ಖುಷಿಯೋ ಖುಷಿ. ಇಷ್ಟು ಸುಲಭದ ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ), ಒಂದು ಭಾನುವಾರದಲ್ಲಿ ಆಗಿಬಿಡುತ್ತದೆ ಅಂದುಕೊಂಡೆವು.

ಈಗ ಎಂಟು ವಾರ ಆಗಿದೆ. ಶ್ರುತಿ ಸರಿ ಇದೆ, ಎಣಿಕೆ ಸರಿ ಇದೆ, ಎಲ್ಲರೂ ಒಟ್ಟಿಗೆ ಶುರುಮಾಡಿ ಒಟ್ಟಿಗೆ ಮುಗಿಸುತ್ತೇವೆ. ಆದರೆ ಕಳೆದ ವಾರ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಮಗು ಮಲಗಿಸೋ ಹಾಡಿನ ಹಾಗಿದೆ. ಯಾರೂ ಮಾತಾಡಲಿಲ್ಲ. ಮೊದಲ ವಯೊಲಿನ್ ಸುಮ್ನೆ ವಾದ್ಯ ಪೆಟ್ಟಿಗೆಗೆ ಇಟ್ಟುಬಿಟ್ಟಳು.

ಡ್ರಮ್ಸ್ ಇಲ್ಲದ್ದಕ್ಕೆ ಹೀಗಾ? ಮೈಕ್, ಆಂಪ್ಲಿಫೈಯರ್ ಇಲ್ಲದೆ ರಾಕ್ ಆಗುವುದೇ ಇಲ್ವಾ? ಇನ್ನೊಂದು ವಿಷಯ, ನನ್ನ ಪಾರ್ಟ್‌ನಲ್ಲಿ ಒಂದೇ ಸ್ವರ, ಬಾರ್‌ಗೆ (ನಾಲ್ಕು ಬೀಟ್‌ನ ಒಂದು ಸುತ್ತಿಗೆ) ಎಂಟು ಸಲ, ಪುಟಗಟ್ಟಲೆ. ಅರ್ಧಕ್ಕೆ ಬರುವಷ್ಟರಲ್ಲಿ ಮಣಿಕಟ್ಟು ಬಿಗಿದುಕೊಳ್ಳುತ್ತದೆ.

ತಾಳ ತಪ್ಪದವಳು
ಒಂದು ಕಹೋನ್ (ಮೇಲೆ ಕೂತು ಕೈಯಿಂದ ಬಡಿಯುವ ಮರದ ಪೆಟ್ಟಿಗೆ) ಸೇರಿಸಿಕೊಳ್ಳಿ. ಸಮಸ್ಯೆ ಮುಗಿಯಿತು.

ಚೆಲ್ಲೋ ಬುಡದಿಂದ
ಕಹೋನ್ ಈಗಲೇ ಬೇಡ. ಮೊದಲು ಒಂದು ಪ್ರಶ್ನೆ. ನಿಮ್ಮ ಸ್ವರಗಳು ಎಲ್ಲಿ *ಮುಗಿಯುತ್ತವೆ* ಅಂತ ಯಾವತ್ತಾದರೂ ನಾಲ್ವರೂ ಕೂತು ಮಾತಾಡಿದ್ದೀರಾ? ಎಲ್ಲಿ ಶುರುವಾಗುತ್ತವೆ ಅಂತಲ್ಲ.

ನಾವು ತಂತಿವಾದ್ಯದವರು ಕಲಿಯುವಾಗಿನಿಂದ ಸ್ವರಕ್ಕೆ ಸ್ವರ ಹೆಣೆಯುವುದನ್ನೇ ಅಭ್ಯಾಸ ಮಾಡಿರುತ್ತೇವೆ. ಬೋ (ತಂತಿಯ ಮೇಲೆ ಎಳೆಯುವ ಕಮಾನು) ತಿರುಗಿದ್ದು ಕೇಳಿಸಬಾರದು, ನಡುವೆ ಬಿರುಕು ಬರಬಾರದು. ರಾಕ್‌ನಲ್ಲಿ ಆ ಬಿರುಕೇ ಬೇಕು. ಗಿಟಾರ್‌ನವರು ಬಲ ಅಂಗೈಯ ಅಂಚನ್ನು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯ) ಹತ್ತಿರ ತಂತಿಯ ಮೇಲೆ ಇಟ್ಟು ಸ್ವರವನ್ನು ಕಟ್ ಮಾಡುತ್ತಾರಲ್ಲ, ಅದು ಇಲ್ಲದಿದ್ದರೆ ಅವರ ರಿಫ್ ಕೂಡ ಗಂಜಿಯೇ.

ಇನ್ನೊಂದು, ಹವ್ಯಾಸಿ ಗುಂಪುಗಳಲ್ಲಿ ಬಹಳ ಕಾಣುವುದು: ಪ್ರತಿ ಸ್ವರಕ್ಕೂ ಹೊಟ್ಟೆ ಬಂದಿರುತ್ತದೆ. ಮೆತ್ತಗೆ ಶುರು, ನಡುವೆ ಉಬ್ಬು, ಮತ್ತೆ ಮೆತ್ತಗೆ. ತಂತಿಯನ್ನು ಮೀಟಿದಾಗ ಸದ್ದೆಲ್ಲ ಮೊದಲ ಕ್ಷಣದಲ್ಲೇ ಬಂದು ಆಮೇಲೆ ಇಳಿಯುತ್ತದೆ. ನಿಮ್ಮ ಬೋ ಕೂಡ ಹಾಗೇ ಮಾಡಬೇಕು. ಬೋವನ್ನು ತಂತಿಯ ಮೇಲೆ *ಮೊದಲೇ* ಊರಿ, ಕೂದಲು ತಂತಿಯನ್ನು ಕಚ್ಚಿದ್ದು ಬೆರಳಿಗೆ ಗೊತ್ತಾದ ಮೇಲೆ ಎಳೆಯಿರಿ. ತಕ್ಷಣ ಹಿಡಿತ ಸಡಿಲ ಬಿಡಿ. ರೆಕಾರ್ಡಿಂಗ್ ಮತ್ತೆ ಕೇಳಿ ಇದೇ ಕಾರಣವಾ ಅಂತ ನೋಡಿ.

ಗಿಟಾರ್ ಬಿಟ್ಟವನು
ಗಿಟಾರ್‌ನಿಂದ ವಿಯೋಲಾಗೆ ಬಂದವನು ನಾನು, ಮೇಲಿನ ಮಾತು ನೂರಕ್ಕೆ ನೂರು ನಿಜ. ಈ ಹಾಡಿಗೆ ಸಂಬಂಧಿಸಿದ ಒಂದು ವಿಷಯ ಸೇರಿಸುತ್ತೇನೆ. ಆ ರಿಫ್ ಇರುವುದು ನಾಲ್ಕನೇ ಅಂತರದ (ಕೆಳಗಿನ ಸ್ವರದಿಂದ ಎಣಿಸಿದರೆ ಮೇಲಿನದು ನಾಲ್ಕನೆಯದು) ಜೋಡಿಗಳಲ್ಲಿ. ಡಿ-ಜಿ, ಎಫ್-ಬಿ ಫ್ಲಾಟ್, ಜಿ-ಸಿ, ಹೀಗೆ. ಡೀಪ್ ಪರ್ಪಲ್‌ನ ಗಿಟಾರ್‌ವಾದಕ ರಿಚಿ ಬ್ಲ್ಯಾಕ್‌ಮೋರ್ ಅದನ್ನು ಪಿಕ್‌ನಲ್ಲಿ ಗೀರುವುದಿಲ್ಲ, ಎರಡು ತಂತಿಯನ್ನು ಬೆರಳಿನಿಂದ ಒಟ್ಟಿಗೆ ಮೀಟುತ್ತಾರೆ. ಅದಕ್ಕೇ ಎರಡೂ ಸ್ವರ ಒಂದೇ ಏಟಿಗೆ ಬೀಳುತ್ತವೆ.

ವಯೊಲಿನ್‌ನಲ್ಲಿ ಐದನೇ ಅಂತರವಾದರೆ ಒಂದೇ ಬೆರಳನ್ನು ಎರಡು ತಂತಿಗೆ ಅಡ್ಡ ಒತ್ತಿದರೆ ಸಾಕು. ನಾಲ್ಕನೇ ಅಂತರಕ್ಕೆ ಎರಡು ಬೆರಳು ಬೇಕು, ಜಾಗ ಬದಲಾಯಿಸುತ್ತಾ ಹೋದರೆ ಶ್ರುತಿ ಒದ್ದಾಡುತ್ತದೆ. ನಿಮ್ಮ ಅರೇಂಜ್‌ಮೆಂಟ್‌ನಲ್ಲಿ ಒಬ್ಬರಿಗೇ ಎರಡೂ ಸ್ವರ ಕೊಟ್ಟಿದ್ದಾರಾ? ಹಾಗಿದ್ದರೆ ಬಿಡಿಸಿ. ಮೇಲಿನದು ನಿಮಗೆ, ಕೆಳಗಿನದು ವಿಯೋಲಾಗೆ. ಮೊದಲ ಸಲ ಬೋ ಬೇಡ, ಇಬ್ಬರೂ ಬೆರಳಲ್ಲೇ ಮೀಟಿ.

ಎರಡನೇ ವಯೊಲಿನ್
ಹೌದು! ರಿಫ್‌ನ ಎರಡೂ ಸ್ವರ ಮೊದಲ ವಯೊಲಿನ್‌ಗೇ ಬರೆದಿದ್ದಾರೆ. ಅವಳು ಅದರಲ್ಲಿ ಒದ್ದಾಡುತ್ತಿದ್ದಾಳೆ, ನಾವು ಮೂವರು ಕೆಳಗೆ ಟಕಟಕ ಅಂತ ಒಂದೇ ಸ್ವರ ಹಾಕುತ್ತಾ ಕೂತಿದ್ದೇವೆ.

ಹಳೇ ರಾಳ
ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕ್ವಾರ್ಟೆಟ್‌ಗೆ ಅಂತಲೇ ಬರೆದ ಸಂಗೀತ ಒಂದು ಜನ್ಮಕ್ಕೆ ಮುಗಿಯದಷ್ಟು ಇದೆ. ಹೈಡನ್ ಒಬ್ಬನದೇ ಅರವತ್ತಕ್ಕಿಂತ ಜಾಸ್ತಿ. ಗಿಟಾರ್, ಡ್ರಮ್ಸ್, ಹಾಡುವ ಗಂಟಲು, ಇವುಗಳನ್ನು ನೆನೆದು ಕಟ್ಟಿದ ಹಾಡನ್ನು ತಂದು ನಾಲ್ಕು ತಂತಿವಾದ್ಯಕ್ಕೆ ತುರುಕಿದರೆ ಅದು ಬಡವಾಗುತ್ತದೆ. ನಿಮ್ಮ ರೆಕಾರ್ಡಿಂಗ್ ಹೇಳುತ್ತಿರುವುದು ಅದನ್ನೇ ಅಲ್ವಾ?

ವಿಯೋಲಾ ಅಕ್ಕ
ಇಲ್ಲ ಸರ್, ಒಪ್ಪುವುದಿಲ್ಲ. ಬೀಟಲ್ಸ್‌ನ 'ಎಲಿನರ್ ರಿಗ್ಬಿ' ಕೇಳಿ. 1966. ಅದರಲ್ಲಿ ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ. ಹಾಡುವ ದನಿಗಳು ಬಿಟ್ಟರೆ ಎಂಟು ತಂತಿವಾದ್ಯ ಮಾತ್ರ: ನಾಲ್ಕು ವಯೊಲಿನ್, ಎರಡು ವಿಯೋಲಾ, ಎರಡು ಚೆಲ್ಲೋ. ಆ ತಂತಿವಾದ್ಯದ ಭಾಗ ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಬರೆದದ್ದು. ಮೈಕ್‌ಗಳನ್ನು ತಂತಿಗೆ ತಾಗುವಷ್ಟು ಹತ್ತಿರ ತಂದಿದ್ದರು, ಅದಕ್ಕೇ ಬೋ ಕಚ್ಚುವ ಸದ್ದು ಕಿವಿಗೇ ಬಡಿಯುತ್ತದೆ. ಆ ಚಿಕ್ಕ ಚಿಕ್ಕ ಏಟುಗಳೇ ಅಲ್ಲಿ ಡ್ರಮ್ಸ್. ಯಾವುದು ಬಡವಾಯಿತು ಹೇಳಿ?

ಅದರ ಹಿಂದಿನ ವರ್ಷದ 'ಯೆಸ್ಟರ್ಡೇ'ಯಲ್ಲಿ ಸರಿಯಾದ ಕ್ವಾರ್ಟೆಟ್ಟೇ ಇದೆ. ಅಲ್ಲಿ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ವೈಬ್ರಾಟೋ (ಬೆರಳು ಅಲುಗಿಸಿ ಸ್ವರ ನಡುಗಿಸುವುದು) ಬೇಡ ಅಂತ ಕೇಳಿದ್ದರು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಾವು ರೂಢಿಯಿಂದ ಪ್ರತಿ ಸ್ವರಕ್ಕೂ ವೈಬ್ರಾಟೋ ಹಾಕುತ್ತೇವೆ. ರಿಫ್‌ನಲ್ಲಿ ಅದನ್ನು ಪೂರ್ತಿ ನಿಲ್ಲಿಸಿ ನೋಡಿ. ಸದ್ದು ಕೂಡಲೇ ಗಟ್ಟಿಯಾಗುತ್ತದೆ.

ಹಳೇ ರಾಳ
'ಎಲಿನರ್ ರಿಗ್ಬಿ' ತಂತಿವಾದ್ಯಕ್ಕೆ ಅಂತಲೇ ಬರೆದದ್ದು ಮೇಡಂ. ಗಿಟಾರ್ ಹಾಡನ್ನು ತಂದು ಹಾಕಿದ್ದಲ್ಲ. ನನ್ನ ಮಾತು ಇದೇ.

ವಿಯೋಲಾ ಅಕ್ಕ
ಸರಿ, ಅದನ್ನು ಒಪ್ಪಿದೆ. ಹಾಗಾದರೆ ಕ್ರೋನೋಸ್ ಕ್ವಾರ್ಟೆಟ್ ತಗೊಳ್ಳಿ. 1973ರಲ್ಲಿ ಶುರುವಾದ ಗುಂಪು. ಜಿಮಿ ಹೆಂಡ್ರಿಕ್ಸ್‌ನ 'ಪರ್ಪಲ್ ಹೇಜ್' ನುಡಿಸಿ 1986ರ ಆಲ್ಬಮ್‌ನಲ್ಲಿ ಹಾಕಿದರು. ಅದಕ್ಕಿಂತ ಗಿಟಾರ್‌ಗೆ ಅಂಟಿಕೊಂಡ ಹಾಡು ಯಾವುದಿದೆ?

ಹೊಸಬ
ಅಪೋಕಲಿಪ್ಟಿಕಾ ಕ್ವಾರ್ಟೆಟ್ ಕೂಡ ಮೆಟಾಲಿಕಾ ನುಡಿಸಿದೆಯಲ್ಲ, ಅವರಿಗೆ ಡ್ರಮ್ಸ್ ಇದೆ. ಅಂದರೆ ಡ್ರಮ್ಸ್ ಬೇಕು ಅಂತ ತಾನೇ?

ಚೆಲ್ಲೋ ಬುಡದಿಂದ
ಎರಡು ತಿದ್ದುಪಡಿ. ಅದು ಈ ಅರ್ಥದ ಕ್ವಾರ್ಟೆಟ್ ಅಲ್ಲ, ಶುರುವಿನಲ್ಲಿ ನಾಲ್ಕೂ ಚೆಲ್ಲೋಗಳೇ. ಹೆಲ್ಸಿಂಕಿಯ ಸಿಬೆಲಿಯಸ್ ಅಕಾಡೆಮಿಯಲ್ಲಿ ಓದುತ್ತಿದ್ದ ಹುಡುಗರು. ಎರಡನೆಯದು, 1996ರ ಅವರ ಮೊದಲ ಆಲ್ಬಮ್‌ನಲ್ಲಿ ಡ್ರಮ್ಸ್ ಇಲ್ಲವೇ ಇಲ್ಲ. ಡ್ರಮ್ಸ್ ಸೇರಿದ್ದು ಆಮೇಲೆ. ಆ ಮೊದಲ ಆಲ್ಬಮ್ ಕೇಳಿ, ಕೆಳಗಿನ ಚೆಲ್ಲೋಗಳು ಬೋ ಬುಡದಲ್ಲಿ (ಕೈಯಲ್ಲಿ ಹಿಡಿಯುವ ಕಡೆ) ಹೇಗೆ ಕೊರೆಯುತ್ತವೆ ಅಂತ ಗೊತ್ತಾಗುತ್ತದೆ.

ಹೊಸಬ
ಓಹ್, ಗೊತ್ತಿರಲಿಲ್ಲ. ಥ್ಯಾಂಕ್ಸ್.

ತಾಳ ತಪ್ಪದವಳು
ಕಹೋನ್ ಅಂದದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಾನು ಸುಮ್ನೆ ಹೇಳಿದ್ದಲ್ಲ. ನಮ್ಮ ಗುಂಪಿಗೆ ಕಹೋನ್ ಬಂದ ದಿನವೇ ಎಲ್ಲರ ಲಯ ನೆಟ್ಟಗಾಯಿತು.

ವಿಯೋಲಾ ಅಕ್ಕ
ನಮ್ಮಲ್ಲಿ ಉಲ್ಟಾ ಆಯಿತು. ಕಹೋನ್‌ನವರು ಇದ್ದಾರಲ್ಲ ಅಂತ ಉಳಿದವರು ಎಣಿಸುವುದನ್ನೇ ಬಿಟ್ಟೆವು. ಒಂದು ದಿನ ಅವರು ಬರಲಿಲ್ಲ, ಎರಡನೇ ಪುಟಕ್ಕೇ ನಾಲ್ವರೂ ನಾಲ್ಕು ದಿಕ್ಕು. ಆಮೇಲೆ ನಾನು ಚಾಪ್ ಕಲಿತೆ. ಈಗ ಆ ಕೆಲಸ ವಿಯೋಲಾದ್ದು.

ಗೊತ್ತಿಲ್ಲದವರಿಗೆ: ಚಾಪ್ ಅಂದರೆ ಬೋವನ್ನು ಬುಡದ ಹತ್ತಿರ ಹಿಡಿದು ತಂತಿಯ ಮೇಲೆ ಮೇಲಿಂದ ಬೀಳಿಸುವುದು. ಎಳೆಯುವುದಲ್ಲ, ಬೀಳಿಸಿ ಅಲ್ಲೇ ನಿಲ್ಲಿಸುವುದು. ಸ್ವರ ಬರಬಾರದು, 'ಚಕ್' ಅಂತ ಒಣ ಸದ್ದು ಮಾತ್ರ. ಎಡಗೈ ಬೆರಳುಗಳನ್ನು ತಂತಿಯ ಮೇಲೆ ಹಗುರವಾಗಿ ಹರಡಿಟ್ಟರೆ ತಂತಿ ಝೇಂಕರಿಸುವುದಿಲ್ಲ. ಬೋ ಎತ್ತುವಾಗ ಇನ್ನೊಂದು ಚಿಕ್ಕ ಸದ್ದು ಬರುತ್ತದೆ, ಅದನ್ನೂ ಲಯಕ್ಕೆ ಸೇರಿಸಬಹುದು. ಅಮೆರಿಕದ ಬ್ಲೂಗ್ರಾಸ್ ಪಿಟೀಲುಗಾರ ರಿಚರ್ಡ್ ಗ್ರೀನ್ 1960ರ ದಶಕದಲ್ಲಿ ಶುರುಮಾಡಿದ್ದು. ಕ್ವಾರ್ಟೆಟ್‌ಗೆ ತಂದವರಲ್ಲಿ ಮುಖ್ಯರು ಟರ್ಟಲ್ ಐಲ್ಯಾಂಡ್ ಗುಂಪಿನ ಡಾರಲ್ ಆಂಗರ್. ರಾಕ್ ಹಾಡಿನಲ್ಲಿ ಎರಡನೇ ಮತ್ತು ನಾಲ್ಕನೇ ಬೀಟ್‌ಗೆ ಹಾಕಿ. ಡ್ರಮ್ಸ್‌ನ ಸ್ನೇರ್ ಬೀಳುವ ಜಾಗ ಅದೇ.

ಮೊದಲ ಎರಡು ವಾರ ಕರ್ಕಶವಾಗಿರುತ್ತದೆ. ಮಣಿಕಟ್ಟಿನಿಂದ ಹೊಡೆಯಬೇಡಿ, ಮೊಣಕೈಯಿಂದ ಕೈ ತಾನಾಗಿ ಬೀಳಲಿ.

ಹಳೇ ರಾಳ
ಬೋ ಕೂದಲು ಏನಾಗುತ್ತದೆ ಅಂತಲೂ ಹೇಳಿ.

ವಿಯೋಲಾ ಅಕ್ಕ
ಬುಡದ ಕಡೆ ಕೂದಲು ಬೇಗ ಸವೆಯುತ್ತದೆ, ನಿಜ. ಬೋ ಕೂದಲಿಗೆ ಹಚ್ಚುವ ರಾಳದ ಪುಡಿಯೂ ವಾದ್ಯದ ಮೇಲೆ ಜಾಸ್ತಿ ಬೀಳುತ್ತದೆ, ಪ್ರತಿ ಸಲ ಒರೆಸಬೇಕು. ನಾನು ಇದಕ್ಕೆ ಅಂತಲೇ ಒಂದು ಕಾರ್ಬನ್ ಫೈಬರ್ ಬೋ ಇಟ್ಟುಕೊಂಡಿದ್ದೇನೆ. ಬೋ ಕಡ್ಡಿಯಿಂದ ತಂತಿ ಬಡಿಯುವ ಜಾಗಗಳಿದ್ದರೆ ಒಳ್ಳೆಯ ಮರದ ಬೋ ಖಂಡಿತ ಬೇಡ, ಪಾಲಿಶ್ ಹೋಗುತ್ತದೆ.

ಸ್ವರ ಬರೆಯುವವ
ಹತ್ತು ಹನ್ನೆರಡು ವರ್ಷದಿಂದ ನಮ್ಮ ಗುಂಪಿಗೆ ಅರೇಂಜ್‌ಮೆಂಟ್ ಬರೆಯುತ್ತಿದ್ದೇನೆ, ಹಾಗಾಗಿ ಬರೆಯುವವರ ಕಡೆಯಿಂದ ಒಂದಿಷ್ಟು. ಅಚ್ಚಾದ ಅರೇಂಜ್‌ಮೆಂಟ್‌ಗಳಲ್ಲಿ ಬಹುಪಾಲಿಗೆ ಒಂದೇ ರೋಗ: ಮೊದಲ ವಯೊಲಿನ್ ಅಂದರೆ ಹಾಡುಗಾರ, ಉಳಿದ ಮೂವರು ಹಿಮ್ಮೇಳ. ಹಾಡುಗಾರನ ಸಾಲು ನೋಡಿ, ಎಷ್ಟೋ ಕಡೆ ಒಂದೇ ಸ್ವರ ಆರೇಳು ಸಲ ಬರುತ್ತದೆ. ಬಾಯಲ್ಲಿ ಹಾಡುವಾಗ ಪ್ರತಿ ಸಲ ಬೇರೆ ಅಕ್ಷರ, ಬೇರೆ ಒತ್ತು, ಅದಕ್ಕೇ ಬೇಸರ ಆಗುವುದಿಲ್ಲ. ಮಾತು ತೆಗೆದು ವಯೊಲಿನ್‌ಗೆ ಕೊಟ್ಟರೆ ಬಾಗಿಲು ಬಡಿದ ಹಾಗಾಗುತ್ತದೆ. ನಾನು ಏನು ಮಾಡುತ್ತೇನೆ ಅಂದರೆ, ಹಾಡಿನ ಮಾತುಗಳನ್ನು ಪಾರ್ಟ್‌ನ ಸ್ವರದ ಕೆಳಗೆ ಪೆನ್ಸಿಲ್‌ನಲ್ಲಿ ಬರೆದುಕೊಡುತ್ತೇನೆ. ನುಡಿಸುವವರು ಆ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡು ಬೋ ಒತ್ತು ಹಾಕಬೇಕು. ವ್ಯಂಜನ ಗಟ್ಟಿ ಇದ್ದಲ್ಲಿ ಬೋ ಕಚ್ಚಬೇಕು, ಉಸಿರು ತಗೊಳ್ಳುವಲ್ಲಿ ಬೋ ಎತ್ತಬೇಕು.

ಎರಡನೇ ಚರಣಕ್ಕೆ ರಾಗವನ್ನು ಚೆಲ್ಲೋಗೋ ವಿಯೋಲಾಗೋ ಕೊಡಿ. ಗಂಡು ದನಿಯ ಹಾಡಾದರೆ ಚೆಲ್ಲೋದ ಎ ತಂತಿ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹೈಡನ್ ಅಂದಿರಲ್ಲ, ಅವನ ಕೃತಿ 20ರ ಎರಡನೇ ಕ್ವಾರ್ಟೆಟ್ ತೆಗೆದು ನೋಡಿ. 1772ರದ್ದು. ಶುರುವಾಗುವುದೇ ಚೆಲ್ಲೋದ ರಾಗದಿಂದ, ಮೊದಲ ವಯೊಲಿನ್ ಬಾಯಿ ಮುಚ್ಚಿಕೊಂಡು ಕಾಯುತ್ತದೆ. ಅವನು ಆಗಲೇ ಮಾಡಿದ್ದನ್ನು ನಾವು ಈಗ ಮಾಡಲು ಏನು ಕಷ್ಟ?

ಇನ್ನು ಶ್ರುತಿ ವಿಷಯ. ಬಾಸ್ ಗಿಟಾರ್‌ನ ಕೆಳಗಿನ ಇ ಸುಮಾರು 41 ಹರ್ಟ್ಜ್. ಚೆಲ್ಲೋದ ಕೆಳಗಿನ ಸಿ ಸುಮಾರು 65. ಅಂದರೆ ಇ ಶ್ರುತಿಯ ಹಾಡಿನಲ್ಲಿ ಬಾಸ್ ಇಳಿಯುವ ಜಾಗಕ್ಕೆ ಚೆಲ್ಲೋ ಇಳಿಯುವುದೇ ಇಲ್ಲ, ಒಂದು ಸ್ಥಾಯಿ ಮೇಲೆ ನುಡಿಸಬೇಕು. ಅಂಥ ಹಾಡನ್ನು ನಾನು ಡಿ ಅಥವಾ ಸಿಗೆ ಇಳಿಸುತ್ತೇನೆ, ಚೆಲ್ಲೋದ ಬಿಟ್ಟ (ಬೆರಳು ಒತ್ತದ) ತಂತಿ ಪೂರ್ತಿ ಮೊಳಗುತ್ತದೆ. ನಿಮ್ಮ ಹಾಡು ಜಿಯಲ್ಲಿದೆ, ಚೆಲ್ಲೋಗೆ ಬಿಟ್ಟ ಜಿ ತಂತಿ ಸಿಗುತ್ತದೆ, ಹಾಗಾಗಿ ಇಲ್ಲಿ ಶ್ರುತಿ ಬದಲಾಯಿಸುವುದು ಬೇಡ.

ಗಿಟಾರ್ ಬಿಟ್ಟವನು
ಹೌದು, ಎಷ್ಟೋ ಗಿಟಾರ್ ಗುಂಪುಗಳು ಅರ್ಧ ಸ್ವರ ಇಳಿಸಿ ಇ ಫ್ಲಾಟ್‌ಗೆ ಕಟ್ಟಿರುತ್ತವೆ. ಅದನ್ನು ಹಾಗೇ ನಕಲು ಮಾಡಿದರೆ ವಯೊಲಿನ್‌ಗೆ ಬಿಟ್ಟ ತಂತಿ ಸರಿಯಾಗಿ ಸಿಗುವುದೇ ಕಡಿಮೆ, ಸದ್ದು ಮಂಕಾಗುತ್ತದೆ. ಮೂಲದ ಶ್ರುತಿಯೇ ಇರಬೇಕು ಅನ್ನುವ ಹಟ ಬೇಡ.

ಎರಡನೇ ವಯೊಲಿನ್
ಇಷ್ಟೊಂದು ಉತ್ತರ! ಎಲ್ಲವನ್ನೂ ನಮ್ಮ ಮೂವರಿಗೂ ಕಳಿಸಿದ್ದೇನೆ. ಮಣಿಕಟ್ಟಿನ ವಿಷಯ ಮಾತ್ರ ಯಾರೂ ಹೇಳಲಿಲ್ಲ.

ಚೆಲ್ಲೋ ಬುಡದಿಂದ
ಬೋದ ಎಷ್ಟು ಉದ್ದ ಬಳಸುತ್ತೀರಿ? ಬಾರ್‌ಗೆ ಎಂಟು ಸ್ವರ ಅಂದರೆ ಎರಡು ಬೆರಳಗಲ ಸಾಕು. ಬೋ ತೂಕ ಸಮನಾಗುವ ಜಾಗದ ಹತ್ತಿರ ನುಡಿಸಿ, ತುದಿಯಲ್ಲಿ ನುಡಿಸಿದರೆ ಬಲ ಎಲ್ಲ ಕೈಯಿಂದಲೇ ಬರಬೇಕು, ಅದಕ್ಕೇ ಬಿಗಿಯುತ್ತದೆ. ಹೆಬ್ಬೆರಳು ಮಡಚಿದೆಯಾ, ನೆಟ್ಟಗೆ ಕೋಲಿನ ಹಾಗೆ ನಿಂತಿದೆಯಾ, ಅದನ್ನೂ ನೋಡಿಕೊಳ್ಳಿ. ಎಂಟೂ ಸ್ವರಕ್ಕೆ ಒಂದೇ ಒತ್ತು ಬೇಡ. ಒಂದು, ನಾಲ್ಕು, ಏಳು ಗಟ್ಟಿ, ಉಳಿದದ್ದು ಹಗುರ. ಕೈಗೂ ವಿಶ್ರಾಂತಿ, ಕೇಳುವವರಿಗೂ ಲಯ.

ಸ್ವರ ಬರೆಯುವವ
ನೀವು ಮತ್ತು ವಿಯೋಲಾ ನಾಲ್ಕು ಬಾರ್‌ಗೊಮ್ಮೆ ಪಾರ್ಟ್ ಅದಲುಬದಲು ಮಾಡಿಕೊಳ್ಳಿ. ಬರೆದವರು ಬೇಡ ಅನ್ನುವುದಿಲ್ಲ. ಆದರೂ ನೋವು ಮುಂದುವರಿದರೆ ನುಡಿಸುವುದು ನಿಲ್ಲಿಸಿ ವೈದ್ಯರಿಗೆ ತೋರಿಸಿ.

ತಾಳ ತಪ್ಪದವಳು
ಮೆಟ್ರೊನೋಮ್ ಇದ್ದರೆ ಒಂದು ಅಭ್ಯಾಸ ಹೇಳುತ್ತೇನೆ. ನಿಮ್ಮ ಹಾಡಿನ ವೇಗ ಸುಮಾರು 112. ಮೆಟ್ರೊನೋಮ್ 56ಕ್ಕೆ ಇಡಿ. ಆ 'ಟಕ್' ಅನ್ನು ಒಂದು, ಮೂರು ಅಂತ ಎಣಿಸಬೇಡಿ, ಎರಡು, ನಾಲ್ಕು ಅಂತ ಎಣಿಸಿ. ಮೊದಲು ನುಡಿಸಬೇಡಿ, ಚಪ್ಪಾಳೆ ಹೊಡೆಯುತ್ತಾ ರಿಫ್ ಬಾಯಲ್ಲಿ ಹಾಡಿ. ನಾಲ್ವರಲ್ಲಿ ಇಬ್ಬರಾದರೂ ಮೊದಲ ನಿಮಿಷದಲ್ಲೇ ಒಂದಕ್ಕೆ ಮೂರಕ್ಕೆ ಜಾರಿಬಿಡುತ್ತಾರೆ. ಜಾರದೆ ಐದು ನಿಮಿಷ ನಿಂತರೆ ಕಹೋನ್ ಬೇಡ ಅಂತ ನಾನೇ ಒಪ್ಪುತ್ತೇನೆ.

ಹೊಸಬ
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ರಾಕ್ ಹಾಡುಗಳ ಪಾರ್ಟ್‌ನಲ್ಲಿ 'ಅಲ್ಲಿಗೆ ಹಿಂದೆ ಹೋಗಿ, ಇಲ್ಲಿಂದ ಮುಂದೆ ಹಾರಿ' ಗುರುತುಗಳು ಜಾಸ್ತಿ. ನಾನು ಟ್ಯಾಬ್ಲೆಟ್‌ನಲ್ಲಿ ಕಾಲಿನ ಪೆಡಲ್ ಒತ್ತಿ ಪುಟ ತಿರುಗಿಸುತ್ತೇನೆ, ಹಿಂದೆ ಹೋಗುವಾಗ ಪ್ರತಿ ಸಲ ಕಳೆದುಹೋಗುತ್ತೇನೆ. ಏನು ಮಾಡುತ್ತೀರಿ?

ಸ್ವರ ಬರೆಯುವವ
ಪುನರಾವರ್ತನೆ ಎಲ್ಲ ಬಿಡಿಸಿ ಉದ್ದಕ್ಕೆ ಬರೆದುಬಿಡಿ. ಪುಟ ಜಾಸ್ತಿ ಆಗುತ್ತದೆ, ಆದರೆ ಯಾವಾಗಲೂ ಮುಂದಕ್ಕೇ. ಜೊತೆಗೆ ಎರಡನೇ ಸಲ ಬಂದಾಗ ಬೇರೆ ಥರ ಬರೆಯಲೂ ಅವಕಾಶ ಸಿಗುತ್ತದೆ.

ಗಿಟಾರ್ ಬಿಟ್ಟವನು
ಎಣಿಕೆ ಅಂದಾಗ ನೆನಪಾಯಿತು. ಲೆಡ್ ಜೆಪ್ಲಿನ್‌ನ 'ಕಶ್ಮೀರ್' ಯಾರಾದರೂ ಕ್ವಾರ್ಟೆಟ್‌ನಲ್ಲಿ ಪ್ರಯತ್ನಿಸಿದ್ದೀರಾ? ರಿಫ್ ಮೂರು ಮೂರಾಗಿ ಹೋಗುತ್ತದೆ, ಡ್ರಮ್ಸ್ ನಾಲ್ಕು ನಾಲ್ಕಾಗಿ. ಹನ್ನೆರಡು ಬೀಟ್‌ಗೊಮ್ಮೆ ಎರಡೂ ಬಂದು ಸೇರುತ್ತವೆ. ನಾವು ಚೆಲ್ಲೋಗೆ ನಾಲ್ಕರ ಕೆಲಸ ಕೊಟ್ಟು, ಮೇಲಿನ ಮೂವರು ಮೂರರಲ್ಲಿ ಹೋದೆವು. ಮೊದಲ ದಿನ ಚೆಲ್ಲೋದವರು ಕಣ್ಣು ಮುಚ್ಚಿಕೊಂಡು ನುಡಿಸಿದರು, ನಮ್ಮ ಬೋ ನೋಡಿದರೆ ತಪ್ಪುತ್ತದೆ ಅಂತ. ಹನ್ನೆರಡಕ್ಕೆ ಎಲ್ಲರೂ ಒಟ್ಟಿಗೆ ಬಂದು ಇಳಿದಾಗ ಆದ ಸಂತೋಷ ಹೇಳತೀರದು. ಡ್ರಮ್ಸ್ ಇದ್ದಿದ್ದರೆ ಆ ಭಾರ ನಮ್ಮ ಮೇಲೆ ಬೀಳುತ್ತಿರಲಿಲ್ಲ, ಆ ಖುಷಿಯೂ ಸಿಗುತ್ತಿರಲಿಲ್ಲ.

ಹಳೇ ರಾಳ
ಇದು ನನಗೆ ಇಷ್ಟವಾಯಿತು. ನಾಲ್ವರೂ ಹೊಣೆ ಹೊತ್ತುಕೊಳ್ಳುವುದೇ ಆದರೆ ಅದು ಕ್ವಾರ್ಟೆಟ್ ಕೆಲಸವೇ, ಹಾಡು ಯಾವುದಾದರೇನು. ನನ್ನ ತಕರಾರು ಮೂವರು ಟಕಟಕ ಅನ್ನುತ್ತಾ ಕೂರುವುದರ ಬಗ್ಗೆ, ಅದನ್ನು ಈಗಲೂ ಬಿಡುವುದಿಲ್ಲ.

ಗಟ್ಟಿ ಬೋ ಅಭ್ಯಾಸಕ್ಕೆ ಒಂದು ದಾರಿ ಹೇಳುತ್ತೇನೆ. ಶೋಸ್ತಕೋವಿಚ್‌ನ ಎಂಟನೇ ಕ್ವಾರ್ಟೆಟ್, 1960ರದ್ದು, ಅದರ ಎರಡನೇ ಭಾಗ. ವೇಗ ಅರ್ಧಕ್ಕೆ ಇಳಿಸಿ ಇಪ್ಪತ್ತು ಬಾರ್ ನುಡಿಸಿ ನೋಡಿ. ತಂತಿಯನ್ನು ಕಚ್ಚುವುದು, ಸ್ವರವನ್ನು ಅಲ್ಲೇ ಬಿಡುವುದು, ಎಲ್ಲಾ ಅಲ್ಲಿದೆ. ಅದು ಬಂದರೆ ನಿಮ್ಮ ರಿಫ್ ತಾನಾಗಿ ಬರುತ್ತದೆ.

ವಿಯೋಲಾ ಅಕ್ಕ
ಸರ್, ಈಗ ಒಂದೇ ಕಡೆ ಬಂದೆವು.

ಹೊಸಬ
ಪಿಕ್‌ಅಪ್ (ತಂತಿಯ ಅದುರನ್ನು ಹಿಡಿಯುವ ಸಾಧನ) ಹಾಕಿ ಆಂಪ್ಲಿಫೈಯರ್‌ಗೆ ಜೋಡಿಸಿದರೆ ಗಿಟಾರ್ ಥರ ಒರಟು ಸದ್ದು ಬರುತ್ತಾ?

ಚೆಲ್ಲೋ ಬುಡದಿಂದ
ಬರುತ್ತದೆ, ಆದರೆ ಟೊಳ್ಳು ವಾದ್ಯ ಸ್ಪೀಕರ್ ಸದ್ದಿಗೆ ತಾನೇ ಅದುರಿ ಕೂಗಲು ಶುರುಮಾಡುತ್ತದೆ. ಹವ್ಯಾಸಿಗಳಿಗೆ ಅದೊಂದು ಬೇರೆಯೇ ತಲೆನೋವು. ಬೋವನ್ನು ಕುದುರೆಯ ಪಕ್ಕಕ್ಕೇ ತಂದು ನುಡಿಸಿ, ಕೀರಲು ಬೆರೆತ ಒರಟು ದನಿ ಬರುತ್ತದೆ. ಕೊನೆಯ ಪಲ್ಲವಿಗೆ ಮಾತ್ರ ಹೀಗೆ ಮಾಡಿದರೆ ಸಾಕು.

ಹೊಸಬ
ಮತ್ತೆ ನಾವೇ ಅರೇಂಜ್‌ಮೆಂಟ್ ಬರೆದರೆ ಹಕ್ಕಿನ ತೊಂದರೆ ಇದೆಯಾ?

ಸ್ವರ ಬರೆಯುವವ
ಮನೆಯಲ್ಲಿ ನಾಲ್ಕು ಜನ ನುಡಿಸಿದರೆ ಯಾರೂ ಕೇಳುವುದಿಲ್ಲ. ಅಚ್ಚು ಹಾಕಿ ಹಂಚುವುದು, ಮಾರುವುದು, ರೆಕಾರ್ಡ್ ಮಾಡಿ ಹೊರಗೆ ಬಿಡುವುದು, ಇವಕ್ಕೆ ಹಾಡಿನ ಹಕ್ಕು ಇರುವವರ ಅನುಮತಿ ಬೇಕು. ನಿಯಮ ದೇಶದಿಂದ ದೇಶಕ್ಕೆ ಬೇರೆ, ನಿಮ್ಮಲ್ಲಿ ಹೇಗೆ ಅಂತ ವಿಚಾರಿಸಿ.

ಗಿಟಾರ್ ಬಿಟ್ಟವನು
ಎರಡನೇ ವಯೊಲಿನ್ ಅವರೇ, ಭಾನುವಾರಕ್ಕೆ ಮುಂಚೆ ಇನ್ನೊಂದು ಮಾತು. ಮೂಲ ಹಾಡಿನ ಶುರುವಿನ ಭಾಗ ಮತ್ತೆ ಕೇಳಿ. ಎಲ್ಲರೂ ಒಟ್ಟಿಗೆ ನುಗ್ಗುವುದಿಲ್ಲ. ಮೊದಲು ಗಿಟಾರ್ ಒಂದೇ. ಆಮೇಲೆ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಟ್ಟೆ) ಮತ್ತು ಆರ್ಗನ್. ಆಮೇಲೆ ಉಳಿದ ಡ್ರಮ್ಸ್. ಬಾಸ್ ಬರುವುದು ಅದಾದ ಮೇಲೆ. ಬಾಸ್ ಬಂದಾಗ ನೆಲ ಸಿಕ್ಕ ಹಾಗಾಗುತ್ತದಲ್ಲ, ಅದು ಅಲ್ಲಿಯವರೆಗೆ ಕಾಯಿಸಿದ್ದಕ್ಕೆ. ನಿಮ್ಮ ಪ್ರತಿಯಲ್ಲಿ ನಾಲ್ವರೂ ಮೊದಲ ಬಾರ್‌ನಿಂದಲೇ ಇದ್ದೀರಿ ಅನ್ನಿಸುತ್ತದೆ.

ಎರಡನೇ ವಯೊಲಿನ್
ನಿಜ, ನಾಲ್ವರೂ ಮೊದಲ ಬಾರ್‌ನಿಂದಲೇ. ಭಾನುವಾರ ನೋಡಿ ಹೇಳುತ್ತೇನೆ.

ಎರಡನೇ ವಯೊಲಿನ್
ಭಾನುವಾರ ಆಯಿತು. ಈಗಷ್ಟೇ ವಾದ್ಯ ಒರೆಸಿಟ್ಟು ಬರೆಯುತ್ತಿದ್ದೇನೆ.

ಮೊದಲ ಮುಕ್ಕಾಲು ಗಂಟೆ ಯಾರೂ ಬೋ ಮುಟ್ಟಲಿಲ್ಲ. 56ಕ್ಕೆ ಮೆಟ್ರೊನೋಮ್ ಇಟ್ಟು ಚಪ್ಪಾಳೆ ಹೊಡೆದು ಹಾಡಿದೆವು. ಮೂವರು ಜಾರಿದೆವು, ನಿಂತದ್ದು ವಿಯೋಲಾ ಒಬ್ಬರೇ. ಆಮೇಲೆ ಪಾರ್ಟ್ ತೆಗೆದು, ರಿಫ್‌ನ ಸ್ವರಗಳ ನಡುವೆ ಎಲ್ಲೆಲ್ಲಿ ವಿರಾಮ ಇದೆಯೋ ಅದಕ್ಕೆಲ್ಲ ಕೆಂಪು ಪೆನ್ಸಿಲ್‌ನಲ್ಲಿ ಗುಂಡು ಸುತ್ತಿದೆವು. ಸುತ್ತಿದ ಮೇಲೆ ಗೊತ್ತಾಯಿತು, ಆ ವಿರಾಮಗಳಲ್ಲಿ ಒಂದನ್ನೂ ನಾವು ಇಷ್ಟು ದಿನ ನುಡಿಸಿರಲಿಲ್ಲ. ಹಿಂದಿನ ಸ್ವರವನ್ನು ಎಳೆದು ತುಂಬಿಸಿಬಿಡುತ್ತಿದ್ದೆವು.

ರಿಫ್ ಈಗ ನನ್ನದು ಮತ್ತು ಮೊದಲ ವಯೊಲಿನ್‌ದು. ಗಿಟಾರ್ ಬಿಟ್ಟವರು ವಿಯೋಲಾ ಅಂದಿದ್ದರು, ಆದರೆ ನಮ್ಮ ವಿಯೋಲಾ ಚಾಪ್ ತಮಗೇ ಬೇಕು ಅಂತ ಹಟ ಹಿಡಿದರು. ನಾವಿಬ್ಬರೂ ಬೆರಳಲ್ಲಿ ಮೀಟಿ ಶುರುಮಾಡಿದೆವು, ನಾಲ್ಕು ಬಾರ್. ವಿಯೋಲಾ ಎರಡಕ್ಕೆ ನಾಲ್ಕಕ್ಕೆ ಚಕ್ ಅಂತ ಸೇರಿದರು. ಅರ್ಧ ಏಟು ಕೀರಲು ಬಂತು, ಆದರೂ ಜಾಗ ತಪ್ಪಲಿಲ್ಲ. ಆಮೇಲೆ ನಾವು ಬೋ ತಗೊಂಡೆವು, ವೈಬ್ರಾಟೋ ಇಲ್ಲದೆ. ಅಷ್ಟೂ ಹೊತ್ತು ಚೆಲ್ಲೋದವರು ಬೋವನ್ನು ಜಿ ತಂತಿಯ ಮೇಲೆ ಊರಿಕೊಂಡು ಕಾಯುತ್ತಿದ್ದರು, ಅವರ ಮುಖ ನೋಡಿದರೆ ನನಗೇ ಉಸಿರು ಬಿಗಿಯುತ್ತಿತ್ತು. ಕೊನೆಗೆ ಬಿಟ್ಟ ಜಿ ಎಳೆದರು ನೋಡಿ. ನನ್ನ ಮುಂದಿದ್ದ ಪಾರ್ಟ್ ಸ್ಟ್ಯಾಂಡ್ ಗುಂಯ್ ಅಂತು.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆವು. ಆಮೇಲೆ ಮತ್ತೆ ಕೇಳಿದೆವು. ಮೊದಲ ವಯೊಲಿನ್ "ಇನ್ನೊಂದು ಸಲ ನುಡಿಸೋಣ" ಅಂದಳು. ಒಂದು ಗಂಟೆಗೆ ಮುಗಿಯುವ ಅಭ್ಯಾಸ ಮೂರರವರೆಗೆ ನಡೆಯಿತು. ಮಣಿಕಟ್ಟು ಪರವಾಗಿಲ್ಲ, ಹೆಬ್ಬೆರಳು ಕೋಲಿನ ಹಾಗೇ ಇತ್ತು, ಈಗ ಮಡಚುವುದು ಕಲಿಯುತ್ತಿದ್ದೇನೆ.

ಇನ್ನು ಗಿಟಾರ್ ಸೋಲೋ ಬಾಕಿ. ಅದು ಮೊದಲ ವಯೊಲಿನ್‌ಗೆ ಬಹಳ ಮೇಲೆ ಬರೆದಿದ್ದಾರೆ, ಪ್ರತಿ ಸ್ವರಕ್ಕೂ ಬೆರಳು ಬದಲಾಯಿಸಿ ನುಡಿಸಿದರೆ ಸ್ಕೇಲ್ ಅಭ್ಯಾಸದ ಹಾಗೆ ಕೇಳುತ್ತದೆ.

ಗಿಟಾರ್ ಬಿಟ್ಟವನು
ಒಂದು ಸ್ಥಾಯಿ ಇಳಿಸಿ ಡಿ, ಎ ತಂತಿಗೆ ತನ್ನಿ. ಗಿಟಾರ್‌ನವರು ತಂತಿ ಬಗ್ಗಿಸುವ ಕಡೆಯೆಲ್ಲ ಬೆರಳು ಬದಲಾಯಿಸಬೇಡಿ, ಒಂದೇ ಬೆರಳಲ್ಲಿ ಜಾರಿಸಿ. ಜಾರು ನಿಧಾನಕ್ಕೆ ಶುರುವಾಗಿ ಕೊನೆಗೆ ಬೇಗ ಸೇರಬೇಕು. ಮೊದಲ ನಾಲ್ಕು ಬಾರ್ ಮಾಡಿ, ಮುಂದಿನ ಭಾನುವಾರ ಬರೆಯಿರಿ.

ತಾಳ ತಪ್ಪದವಳು
ಜಾರಿದವರು ಎಷ್ಟು ನಿಮಿಷಕ್ಕೆ ಜಾರಿದಿರಿ?

ಎರಡನೇ ವಯೊಲಿನ್
ನಾನು ನಲವತ್ತು ಸೆಕೆಂಡಿಗೆ. ನಾಳೆಯಿಂದ ದಿನಾ ಐದು ನಿಮಿಷ ಕೂರುತ್ತೇನೆ.